ಕಡಿದಾದ ಹಿಮದ ಮೇಲೆ ನಿಮ್ಮ ಮಿತಿ ಎಲ್ಲಿದೆ?

(ಉಪನ್ಯಾಸದ ಬರಹ ರೂಪ)

ಇವತ್ತಿನ ಮಾತು ಮೊದಲ ಸಲ ಸ್ಕೀ ಕಟ್ಟಿಕೊಳ್ಳುವವರಿಗಲ್ಲ. ಉತ್ತರಾಖಂಡದ ಔಲಿಯಲ್ಲೋ ಕಾಶ್ಮೀರದ ಗುಲ್ಮಾರ್ಗಿನಲ್ಲೋ ಒಂದು ಸ್ಕೀ ಕೋರ್ಸು ಮುಗಿಸಿ, ಸೌಮ್ಯವಾದ ಇಳಿಜಾರಿನಲ್ಲಿ ಎಡಕ್ಕೂ ಬಲಕ್ಕೂ ತಿರುಗಲು ಕಲಿತು, 'ಮುಂದಿನ ಚಳಿಗಾಲಕ್ಕೆ ಗುಲ್ಮಾರ್ಗಿನ ಅಫರ್ವಟ್ ಬೆಟ್ಟದ ಮೇಲಿಂದಲೇ ಇಳಿಯೋಣ' ಎಂದು ಲೆಕ್ಕ ಹಾಕುತ್ತಿರುವವರಿಗೆ ಇದು. ಬೆಂಗಳೂರಿನಲ್ಲಿ ಅಂಥವರ ಸಂಖ್ಯೆ ಈಗೀಗ ಹೆಚ್ಚುತ್ತಿದೆ. ಚಾರಣ ಮಾಡಿ ಕಾಲು ಗಟ್ಟಿಮಾಡಿಕೊಂಡವರೇ ಬಹುತೇಕ. ಕಾಲಿನ ಬಲದ ಬಗ್ಗೆ ನಮಗೆ ಅನುಮಾನವಿಲ್ಲ. ತಮ್ಮ ಮಿತಿಯನ್ನು ಅಳೆಯುವ ಕ್ರಮದಲ್ಲೇ ಹೆಚ್ಚಿನವರು ಎಡವುವುದು.

ಮೊದಲು ಮಿತಿ ಎಂದರೇನು ಅಂತ ಇತ್ಯರ್ಥ ಮಾಡಿಕೊಳ್ಳೋಣ. ಒಂದು ಇಳಿಜಾರಿನ ಬುಡ ಮುಟ್ಟಿದಿರಿ ಅಂದಮಾತ್ರಕ್ಕೆ ಆ ಇಳಿಜಾರು ನಿಮಗೆ ದಕ್ಕಿತು ಎಂದಾಗುವುದಿಲ್ಲ. ಬುಡ ಮುಟ್ಟಿಸುವ ಕೆಲಸವನ್ನು ಗುರುತ್ವಾಕರ್ಷಣೆ ಯಾರಿಗೆ ಬೇಕಾದರೂ ಪುಕ್ಕಟೆ ಮಾಡಿಕೊಡುತ್ತದೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಆ ಇಳಿಜಾರಿನ ನಡುವೆ, ಜೊತೆಗಾರರು 'ಇಲ್ಲಿ ನಿಲ್ಲು' ಎಂದ ಜಾಗದಲ್ಲಿ, ಎರಡು ಸ್ಕೀ ಉದ್ದದೊಳಗೆ, ಎಡಕ್ಕೆ ಮುಖ ಮಾಡಿಯೂ ಬಲಕ್ಕೆ ಮುಖ ಮಾಡಿಯೂ ನಿಲ್ಲಬಲ್ಲಿರಾ? ಸ್ಕೀ 170 ಸೆಂ.ಮೀ. ಇದ್ದರೆ ಎರಡು ಉದ್ದ ಎಂದರೆ ಸುಮಾರು ಮೂರೂವರೆ ಮೀಟರ್. ಅಷ್ಟರೊಳಗೆ ನಿಲ್ಲಬಲ್ಲ ಅತಿ ಕಡಿದಾದ ಜಾಗವೇ ಆ ದಿನದ, ಆ ಹಿಮದ ಮೇಲಿನ ನಿಮ್ಮ ಮಿತಿ. ಚೆಂದವಾಗಿ ತಿರುಗುವುದು, ವೇಗ, ವಿಡಿಯೊ ಎಲ್ಲ ಆಮೇಲೆ.

ಗುಲ್ಮಾರ್ಗನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ, ಏಕೆಂದರೆ ನಮ್ಮವರು ಹೋಗುವುದು ಅಲ್ಲಿಗೆ, ಮತ್ತು ಎಡವಲು ಅನುಕೂಲವಾದ ರಚನೆ ಅಲ್ಲಿನದೇ. ಊರು ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾ ಎಂಬ ತೂಗುಬಂಡಿಯ ಮೊದಲ ಹಂತ ಕೊಂಗ್‌ಡೂರಿಗೆ, ಅಂದರೆ ಸುಮಾರು 3,050 ಮೀಟರಿಗೆ ಒಯ್ಯುತ್ತದೆ. ಎರಡನೇ ಹಂತ ಅಲ್ಲಿಂದ ಒಂದೇ ಉಸಿರಿಗೆ 900 ಮೀಟರ್ ಏರಿ ಅಫರ್ವಟ್ ಏಣಿನ ಹತ್ತಿರ, ಸುಮಾರು 3,950 ಮೀಟರಿನಲ್ಲಿ ಇಳಿಸುತ್ತದೆ. ಊರಿನ ಪಕ್ಕದ ಕಲಿಕೆಯ ಇಳಿಜಾರುಗಳು ಸೌಮ್ಯ. ಕೊಂಗ್‌ಡೂರಿಯ ಸುತ್ತ, ಅಲ್ಲಿಂದ ಮೇಲಕ್ಕೆ ಚೇರ್‌ಲಿಫ್ಟ್ ಇರುವ ಮೇರೀಸ್ ಶೋಲ್ಡರ್ ಕಡೆ ಮಧ್ಯಮ ದರ್ಜೆಯ ಸ್ವಲ್ಪ ಜಾಗ ಸಿಗುತ್ತದೆ. ಅದರ ಮೇಲೆ ಏನಿದ್ದರೂ ಯಂತ್ರ ಓಡಿಸಿ ಹದ ಮಾಡದ, ಪೀರ್ ಪಂಜಾಲ್ ಸಾಲಿನ ಹಸಿ ಪರ್ವತ. ಯುರೋಪಿನ ದೊಡ್ಡ ಸ್ಕೀ ಊರುಗಳಲ್ಲಿ ನೀಲಿ, ಕೆಂಪು, ಕಪ್ಪು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ದಾರಿಗಳಿರುತ್ತವೆ. ಗುಲ್ಮಾರ್ಗಿನಲ್ಲಿ ನಡುವಿನ ಮೆಟ್ಟಿಲುಗಳು ಕಡಿಮೆ, ಆದರೆ ತುದಿಗೆ ಹೋಗುವ ಟಿಕೆಟ್ ಯಾರಿಗೆ ಬೇಕಾದರೂ ಸಿಗುತ್ತದೆ. ನಡುವಿನ ಮೆಟ್ಟಿಲುಗಳನ್ನು ನೀವೇ ಹುಡುಕಿಕೊಳ್ಳಬೇಕು.

ಅದಕ್ಕೆ ಕೋನ ಅಳೆಯಲು ಬರಬೇಕು. ಮೇಲಿನಿಂದ ನೋಡಿದಾಗ ಎಲ್ಲ ಇಳಿಜಾರೂ ಇರುವುದಕ್ಕಿಂತ ಕಡಿದಾಗಿ ಕಾಣುತ್ತದೆ. ಎದುರು ಬೆಟ್ಟದ ಇಳಿಜಾರನ್ನು ನೇರಾನೇರ ನೋಡಿದಾಗಲೂ ಗೋಡೆಯಂತೆ ಅನ್ನಿಸುತ್ತದೆ. 'ಅರವತ್ತು ಡಿಗ್ರಿ ಇತ್ತು' ಎಂದು ಹೇಳಿಕೊಳ್ಳುವವರ ಇಳಿಜಾರು ಅಳೆದರೆ ಸಾಮಾನ್ಯವಾಗಿ ಮೂವತ್ತೈದರ ಆಸುಪಾಸು ಬರುತ್ತದೆ. ಶೇಕಡಾ ಮತ್ತು ಡಿಗ್ರಿಯನ್ನು ಗೊಂದಲ ಮಾಡಿಕೊಳ್ಳುವುದು ಇನ್ನೊಂದು ಕಾರಣ. ನೂರಕ್ಕೆ ನೂರು ಇಳಿಜಾರು ಎಂದರೆ 45 ಡಿಗ್ರಿ, 90 ಅಲ್ಲ. ಅಮೆರಿಕದಲ್ಲಿ ಕಠಿಣ ದಾರಿಗೆ ಹಾಕುವ ಕಪ್ಪು ವಜ್ರದ ಗುರುತು ಸಾಮಾನ್ಯವಾಗಿ ಶೇ. 40 ದಾಟಿದ ಮೇಲೆ ಬರುತ್ತದೆ, ಅಂದರೆ ಸುಮಾರು 22 ಡಿಗ್ರಿಯಿಂದಲೇ. 30 ಡಿಗ್ರಿ ಎಂದರೆ ಕಲಿತವರಿಗೂ ಕಡಿದೇ. 35 ದಾಟಿದರೆ ತಪ್ಪಿಗೆ ದಂಡ ಕಟ್ಟಬೇಕಾದ ಜಾಗ. 40ರ ಮೇಲಿನದು ಈ ಉಪನ್ಯಾಸದ ಕೇಳುಗರಿಗೆ ಬೇಡವೇ ಬೇಡ.

ಅಳೆಯಲು ಕೈಯಲ್ಲಿರುವ ಎರಡು ಸ್ಕೀ ಕೋಲುಗಳು, ಅಂದರೆ ಪೋಲ್‌ಗಳೇ ಸಾಕು. ಒಂದು ಪೋಲನ್ನು ಹಿಮದ ಮೇಲೆ ನೆಟ್ಟಗೆ, ತೂಗುಗುಂಡು ಇಳಿಬಿಟ್ಟ ಹಾಗೆ ಲಂಬವಾಗಿ ನಿಲ್ಲಿಸಿ. ಇನ್ನೊಂದನ್ನು ಮಟ್ಟಸವಾಗಿ ಅಡ್ಡ ಹಿಡಿದು, ಅದರ ಮೊನೆ ಬೆಟ್ಟದ ಕಡೆಯ ಹಿಮಕ್ಕೆ ತಾಗುವಂತೆ, ಹಿಡಿ ನಿಂತ ಪೋಲಿಗೆ ತಾಗುವಂತೆ ಮೇಲೆ ಕೆಳಗೆ ಸರಿಸಿ. ಎರಡೂ 120 ಸೆಂ.ಮೀ. ಪೋಲ್ ಆಗಿದ್ದರೆ, ಅಡ್ಡ ಪೋಲು ನಿಂತ ಪೋಲನ್ನು ಬುಡದಿಂದ 69 ಸೆಂ.ಮೀ. ಎತ್ತರದಲ್ಲಿ ಮುಟ್ಟಿದರೆ ಇಳಿಜಾರು 30 ಡಿಗ್ರಿ. 84ರಲ್ಲಿ ಮುಟ್ಟಿದರೆ 35, 101ರಲ್ಲಿ ಮುಟ್ಟಿದರೆ 40, ತುದಿಗೆ ತುದಿ ಸೇರಿದರೆ 45. ಹೊರಡುವ ಮುಂಚೆ ಮನೆಯಲ್ಲೇ ಟೇಪಿನಿಂದ ಈ ಮೂರು ಗುರುತು ಹಾಕಿಕೊಳ್ಳಿ. ನಿಮ್ಮ ಪೋಲು ಬೇರೆ ಅಳತೆಯದಾದರೆ ಅದರ ಉದ್ದವನ್ನು 0.58, 0.70, 0.84ರಿಂದ ಗುಣಿಸಿದರಾಯಿತು. ಮೊನೆಗಳು ಹಿಮದೊಳಗೆ ಹೂತುಹೋದರೆ ಲೆಕ್ಕ ತಪ್ಪುತ್ತದೆ. ಅದರಲ್ಲೂ ಅಡ್ಡ ಪೋಲು ಒಳಗೆ ಹೊಕ್ಕರೆ ಕೋನ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಅದೇ ಅಪಾಯದ ಕಡೆಯ ತಪ್ಪು. ಮೊಬೈಲಿನ ಕೋನಮಾಪಕವೂ ಆದೀತು. ಆದರೆ ಫೋನನ್ನು ನೇರ ಹಿಮದ ಮೇಲೆ ಇಟ್ಟರೆ ಅಲ್ಲಿನ ಒಂದು ಸಣ್ಣ ಉಬ್ಬಿನ ಕೋನವನ್ನಷ್ಟೇ ಅದು ಹೇಳುತ್ತದೆ. ಇಳಿಜಾರಿನ ಮೇಲೆ ಪೋಲು ಮಲಗಿಸಿ, ಅದರ ಮೇಲೆ ಫೋನಿಡಬೇಕು. ಚಳಿಗೆ ಬ್ಯಾಟರಿ ಕೈಕೊಡುವುದೂ ಮಾಮೂಲು.

ಕೋನ ಐದು ಡಿಗ್ರಿ ಹೆಚ್ಚಿದರೆ ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ. ಘರ್ಷಣೆಯನ್ನು ಬದಿಗಿಟ್ಟರೆ, 20 ಡಿಗ್ರಿ ಇಳಿಜಾರಿನಲ್ಲಿ ಪ್ರತಿ ಸೆಕೆಂಡಿಗೆ ನಿಮ್ಮ ವೇಗ ಸೆಕೆಂಡಿಗೆ 3.4 ಮೀಟರಿನಷ್ಟು ಏರುತ್ತದೆ, 35 ಡಿಗ್ರಿಯಲ್ಲಿ 5.6 ಮೀಟರಿನಷ್ಟು. ಕಲಿಕೆಯ ಇಳಿಜಾರಿನ ದೊಡ್ಡ, ದುಂಡನೆಯ ತಿರುವಿನಲ್ಲಿ ಸ್ಕೀ ನೇರ ಕೆಳಮುಖವಾಗಿ ಒಂದೂವರೆ ಸೆಕೆಂಡು ಇರುತ್ತದೆ ಎಂದಿಟ್ಟುಕೊಳ್ಳಿ. ಅದೇ ತಿರುವನ್ನು 35 ಡಿಗ್ರಿಯಲ್ಲಿ ತೆಗೆದರೆ, ತಿರುವು ಮುಗಿಯುವಷ್ಟರಲ್ಲಿ ಗಂಟೆಗೆ 30 ಕಿ.ಮೀ. ಹೆಚ್ಚುವರಿ ವೇಗ ಕೈಗೆ ಬಂದಿರುತ್ತದೆ. ಅದನ್ನು ಇಳಿಸಲಾಗದೆ ಮುಂದಿನ ತಿರುವಿಗೆ ಹೋದರೆ ಇನ್ನೊಂದು 30. ಕಡಿದಾದ ಜಾಗದಲ್ಲಿ ಮೂರನೇ ತಿರುವಿನಲ್ಲಿ ಬೀಳುವವರು ತಪ್ಪು ಮಾಡಿದ್ದು ಮೊದಲನೆಯದರಲ್ಲಿ. ಕೆಳಮುಖವಾಗಿರುವ ಸಮಯವನ್ನು ಅರ್ಧ ಸೆಕೆಂಡಿಗೆ ಇಳಿಸಿದರೆ ಹೆಚ್ಚುವರಿ ವೇಗ ಗಂಟೆಗೆ 10 ಕಿ.ಮೀ. ಮಾತ್ರ. ಕಡಿದಾದ ಜಾಗದ ತಂತ್ರವೆಲ್ಲ ಈ ಒಂದು ಸೆಕೆಂಡನ್ನು ಉಳಿಸುವ ತಂತ್ರ.

ತಂತ್ರದ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ.

ಮೊದಲನೆಯದು ಸೈಡ್ ಸ್ಲಿಪ್, ಅಂದರೆ ಸ್ಕೀಗಳನ್ನು ಇಳಿಜಾರಿಗೆ ಅಡ್ಡಲಾಗಿಟ್ಟು ಪಕ್ಕಕ್ಕೆ ಜಾರಿ ಇಳಿಯುವುದು. ಇದನ್ನು ಕೋರ್ಸಿನ ಎರಡನೇ ದಿನ ಹತ್ತು ನಿಮಿಷ ಮಾಡಿಸಿ ಬಿಟ್ಟುಬಿಡುತ್ತಾರೆ, ಕಲಿತವರೂ ಮರೆಯುತ್ತಾರೆ. ನಮ್ಮ ದೃಷ್ಟಿಯಲ್ಲಿ ಇದು ಉಳಿದೆಲ್ಲಕ್ಕಿಂತ ದೊಡ್ಡದು, ಏಕೆಂದರೆ ತಿರುಗಲಾಗದ ಜಾಗದಿಂದಲೂ ಇದರಿಂದ ಇಳಿದು ಬರಬಹುದು. ಸ್ಕೀಗಳ ನಡುವೆ ಸೊಂಟದಗಲದ ಅಂತರ. ಮೇಲಿನ ಸ್ಕೀ ಅರ್ಧ ಬೂಟಿನಷ್ಟು ಮುಂದೆ. ಭಾರದ ಮುಕ್ಕಾಲು ಪಾಲು ಕೆಳಗಿನ ಸ್ಕೀ ಮೇಲೆ. ಎದೆ ಕಣಿವೆಯ ಕಡೆ, ಎರಡೂ ಕೈ ಕಣ್ಣಿಗೆ ಕಾಣುವಂತೆ ಮುಂದೆ. ಮಂಡಿ ಮತ್ತು ಹಿಮ್ಮಡಿಯ ಕೀಲನ್ನು ಬೆಟ್ಟದ ಕಡೆ ಒತ್ತಿದರೆ ಎಡ್ಜ್, ಅಂದರೆ ಸ್ಕೀಯ ಲೋಹದ ಅಂಚು, ಹಿಮವನ್ನು ಕಚ್ಚುತ್ತದೆ, ಕಣಿವೆಯ ಕಡೆ ಸಡಿಲಿಸಿದರೆ ಬಿಡುತ್ತದೆ. ಸೊಂಟದ ಮೇಲೆ ಏನೂ ಅಲುಗಬಾರದು. ಐದು ಮೀಟರ್ ಜಾರಿ, ಗಕ್ಕನೆ ನಿಲ್ಲಿ. ಮತ್ತೆ ಐದು ಮೀಟರ್. ಆಮೇಲೆ ಭಾರವನ್ನು ಸ್ವಲ್ಪ ಬೂಟಿನ ಮುಂದಕ್ಕೆ ತಂದರೆ ಮುಂದಕ್ಕೆ ಓರೆಯಾಗಿ ಜಾರುತ್ತೀರಿ, ಹಿಮ್ಮಡಿಗೆ ತಂದರೆ ಹಿಂದಕ್ಕೆ. ಇದರಿಂದ ಬಂಡೆಯೋ ಪೊದೆಯೋ ಎದುರಾದರೆ ತಿರುಗದೆಯೇ ಪಕ್ಕಕ್ಕೆ ತಪ್ಪಿಸಿಕೊಳ್ಳಬಹುದು.

ಕೆಡುವುದು ಎರಡು ರೀತಿ. ಎಡ್ಜನ್ನು ಪೂರಾ ಬಿಟ್ಟು ಸ್ಕೀಯನ್ನು ಚಪ್ಪಟೆ ಮಾಡಿದರೆ ಕಣಿವೆ ಕಡೆಯ ಅಂಚು ಹಿಮಕ್ಕೆ ಸಿಕ್ಕಿ, ಕೆಳಮುಖವಾಗಿ ಎತ್ತಿ ಒಗೆಯುತ್ತದೆ. ಇನ್ನೊಂದು ಹೆದರಿಕೆಯಿಂದ ಬರುವುದು. ಹೆದರಿದ ಮೈ ಬೆಟ್ಟಕ್ಕೆ ಒರಗಲು ನೋಡುತ್ತದೆ. ಒರಗಿದೊಡನೆ ಭಾರ ಕೆಳಗಿನ ಸ್ಕೀಯಿಂದ ಮೇಲಿನದಕ್ಕೆ ಹೋಗುತ್ತದೆ, ಕೆಳಗಿನ ಎಡ್ಜ್ ಹಿಡಿತ ಕಳೆದುಕೊಳ್ಳುತ್ತದೆ, ಕಾಲು ಜಾರುತ್ತದೆ. ಸುರಕ್ಷಿತ ಅನ್ನಿಸುವ ಭಂಗಿಯೇ ಬೀಳಿಸುವ ಭಂಗಿ. ಕೆಳಗಿನ ಕೈಯನ್ನು ಬೂಟಿನ ಕಡೆ ಚಾಚಿ, ಎದೆಯನ್ನು ಕಣಿವೆಯ ಮೇಲೆ ಬಾಗಿಸುವುದನ್ನು 20 ಡಿಗ್ರಿ ಇಳಿಜಾರಿನಲ್ಲೇ ಅಭ್ಯಾಸ ಮಾಡಿಕೊಂಡಿರಬೇಕು. 35 ಡಿಗ್ರಿಯಲ್ಲಿ ನಿಂತು ಕಲಿಯುತ್ತೇನೆ ಎಂದರೆ ಮೈ ಕೇಳುವುದಿಲ್ಲ.

ಎರಡನೆಯದು ಕಿಕ್ ಟರ್ನ್, ನಿಂತಲ್ಲೇ ದಿಕ್ಕು ಬದಲಿಸುವುದು. ಸ್ಕೀಗಳಿಂದ ಹಿಮವನ್ನು ತುಳಿದು ಮಟ್ಟಸವಾದ ಕಟ್ಟೆ ಮಾಡಿಕೊಳ್ಳಿ. ಸ್ಕೀಗಳು ಇಳಿಜಾರಿಗೆ ಕರಾರುವಾಕ್ಕಾಗಿ ಅಡ್ಡವಿರಬೇಕು. ಸ್ಕೀಯ ಮೂಗು, ಅಂದರೆ ಮುಂತುದಿ, ಒಂದಿಷ್ಟು ಕೆಳಗಿದ್ದರೂ ಒಂಟಿಕಾಲಿನಲ್ಲಿರುವಾಗಲೇ ಅದು ಹೊರಟುಬಿಡುತ್ತದೆ. ಎರಡೂ ಪೋಲು ಬೆನ್ನ ಹಿಂದೆ, ಮೇಲ್ಗಡೆ ಊರಿ. ಕೆಳಗಿನ ಸ್ಕೀಯನ್ನು ಬೀಸಿ ಎತ್ತಿ, ಬಾಲ ಹಿಮಕ್ಕೆ ಊರಿ, ಮೂಗನ್ನು ಹೊರಕ್ಕೆ ತಿರುಗಿಸಿ ಎದುರು ದಿಕ್ಕಿಗೆ ಇಡಿ. ಭಾರ ಅದಕ್ಕೆ ವರ್ಗಾಯಿಸಿ, ಇನ್ನೊಂದನ್ನು ತನ್ನಿ. ಅರ್ಧಕ್ಕೆ ನಿಂತು ಯೋಚಿಸಿದರೆ ಮಂಡಿ ತಿರುಚುತ್ತದೆ. ಶುರು ಮಾಡಿದರೆ ಮುಗಿಸಿಬಿಡಬೇಕು.

ಮೂರನೆಯದು ಜಂಪ್ ಟರ್ನ್. ಹೆಸರು ಕೇಳಿ ಸಾಹಸ ಎಂದುಕೊಳ್ಳಬೇಡಿ, ಮೇಲೆ ಹೇಳಿದ ಒಂದು ಸೆಕೆಂಡು ಉಳಿಸುವ ಉಪಾಯ ಇದು. ಗಟ್ಟಿಯಾಗಿ ಎಡ್ಜ್ ಹಾಕಿ ನಿಂತ ಸ್ಥಿತಿಯಿಂದ ಹೊರಡಿ. ಕೆಳಗಿನ ಪೋಲನ್ನು ಬೂಟಿನ ನೇರಕ್ಕೆ, ಕೆಳಗೆ ಊರಿ. ಸ್ಕೀ ಮೂಗಿನ ಹತ್ತಿರ ಊರಿದರೆ ಎದೆ ಬೆಟ್ಟದ ಕಡೆಗೇ ಉಳಿಯುತ್ತದೆ, ತಿರುವು ಅರ್ಧಕ್ಕೆ ಸಾಯುತ್ತದೆ. ಮಂಡಿ ಬಾಗಿಸಿ ಮೇಲಕ್ಕೆ ಚಿಮ್ಮಿ, ಸ್ಕೀಗಳ ಬಾಲಗಳನ್ನು ಹಿಮದಿಂದ ಎತ್ತಿ, ಗಾಳಿಯಲ್ಲೇ ಎದುರು ದಿಕ್ಕಿಗೆ ತಿರುಗಿಸಿ. ಇಳಿಯುವಾಗ ಸ್ಕೀಗಳು ಆಗಲೇ ಇಳಿಜಾರಿಗೆ ಅಡ್ಡವಾಗಿರಬೇಕು. ಮಂಡಿ ಬಾಗಿಸಿ ಪೆಟ್ಟು ನುಂಗಿ, ಪೂರಾ ನಿಲ್ಲಿ. ಒಂದು ಉಸಿರು ಬಿಟ್ಟು ಮುಂದಿನದು. ಕಲಿಯುವವರು ಎರಡು ಜಂಪುಗಳನ್ನು ಒಂದಕ್ಕೊಂದು ಪೋಣಿಸಲು ಹೋಗುತ್ತಾರೆ. ಪೋಣಿಸುವ ಅಗತ್ಯವೇ ಇಲ್ಲ, ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ಮಾಡಿ.

ಈ ಮೂರೂ ಬಂದ ಮೇಲೆ ಪರೀಕ್ಷೆ. ಒಬ್ಬರು ಕೆಳಗೆ ಬದಿಯಲ್ಲಿ ನಿಲ್ಲುತ್ತಾರೆ, ನೀವು ಇಳಿಯುವಾಗ ಅವರು ಕೈ ಎತ್ತಿದಾಗ ನಿಲ್ಲಬೇಕು. ಎಡಕ್ಕೆ ಐದು, ಬಲಕ್ಕೆ ಐದು. ಹತ್ತರಲ್ಲಿ ಒಂಬತ್ತು ಸಲವಾದರೂ ಎರಡು ಸ್ಕೀ ಉದ್ದದೊಳಗೆ ನಿಂತರೆ ಆ ಕೋನ ನಿಮ್ಮದು. ಬಹುತೇಕರಿಗೆ ಒಂದು ಕಡೆ ಐದಕ್ಕೆ ಐದು, ಇನ್ನೊಂದು ಕಡೆ ಎರಡೋ ಮೂರೋ ಬರುತ್ತದೆ. ಆಗ ನಿಮ್ಮ ಮಿತಿಯನ್ನು ನಿರ್ಧರಿಸುವುದು ಸೊರಗಿದ ಕಡೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯುವ ಹಾಗಿಲ್ಲ.

ಪರೀಕ್ಷೆಯ ಜಾಗ ಆರಿಸುವಾಗ ಕೋನಕ್ಕಿಂತ ಮೊದಲು ಕೆಳಗೇನಿದೆ ನೋಡಿ. ಬಿದ್ದರೆ ಜಾರಿ ಹೋಗಿ ನಿಲ್ಲುವ ಜಾಗ ಅಗಲವಾಗಿ, ಸಮತಟ್ಟಾಗಿ, ಮರ ಬಂಡೆ ಹಳ್ಳ ಇಲ್ಲದಂತಿದ್ದರೆ 32 ಡಿಗ್ರಿಯಲ್ಲಿ ಹತ್ತು ಸಲ ಬಿದ್ದರೂ ಬಟ್ಟೆ ಒದ್ದೆಯಾದೀತು ಅಷ್ಟೆ. ಕೆಳಗೆ ಬಂಡೆಯಿದ್ದರೆ 27 ಡಿಗ್ರಿಯಲ್ಲೂ ಪರೀಕ್ಷೆ ಮಾಡಕೂಡದು. ಮಿತಿ ಮುಟ್ಟಿ ನೋಡಬೇಕಾದದ್ದು ಬಿದ್ದರೂ ನಡೆಯುವ ಕಡೆ. ಬೀಳಬಾರದ ಜಾಗಕ್ಕೆ ಮಿತಿಗಿಂತ ಎರಡು ಮೆಟ್ಟಿಲು ಕೆಳಗಿನ ಕೆಲಸವನ್ನಷ್ಟೇ ಒಯ್ಯಬೇಕು.

ಇನ್ನು ಮೆಟ್ಟಿಲು ಏರುವ ಕ್ರಮ. ಕೋನ, ಹಿಮದ ಗುಣ, ಇಳಿಜಾರಿನ ಉದ್ದ, ಬೆಳಕು, ಎತ್ತರ, ಇವು ಐದು. ಒಂದು ದಿನಕ್ಕೆ ಇವುಗಳಲ್ಲಿ ಒಂದನ್ನು ಮಾತ್ರ ಕಠಿಣಗೊಳಿಸಿ. ಕೊಂಗ್‌ಡೂರಿಯ 25 ಡಿಗ್ರಿಯಿಂದ ನೇರ ಎರಡನೇ ಹಂತಕ್ಕೆ ಹೋದವರು ಐದನ್ನೂ ಒಟ್ಟಿಗೆ ಏರಿಸಿರುತ್ತಾರೆ. ಅಲ್ಲಿ ಬಿದ್ದರೆ ಯಾವ ಕಾರಣಕ್ಕೆ ಬಿದ್ದೆ ಎಂಬುದೂ ತಿಳಿಯುವುದಿಲ್ಲ.

ಹಿಮದ ಗುಣ ಕೋನದಷ್ಟೇ ಮುಖ್ಯ. ಮೊಣಕಾಲುದ್ದ ಹೊಸ ಪುಡಿಹಿಮದಲ್ಲಿ 35 ಡಿಗ್ರಿ ಇಳಿದವರು ಮರುದಿನ ಬೆಳಗ್ಗೆ ಗಟ್ಟಿಕಟ್ಟಿದ 28 ಡಿಗ್ರಿಯಲ್ಲಿ ನಿಲ್ಲಲಾಗದೆ ಪರದಾಡುತ್ತಾರೆ. ಪುಡಿಹಿಮ ತಾನೇ ಬ್ರೇಕು ಹಾಕುತ್ತದೆ, ಗಟ್ಟಿ ಹಿಮ ಹಾಕುವುದಿಲ್ಲ. ಕಾಶ್ಮೀರದವರು ಡಿಸೆಂಬರ್ 21ರಿಂದ ಎಣಿಸುವ ನಲವತ್ತು ದಿನಗಳ ಚಿಲ್ಲೈ ಕಲಾನ್ ಕಾಲದಲ್ಲಿ ಚಳಿ ಗಾಢ, ಬಿದ್ದ ಹಿಮ ಒಣದು. ಫೆಬ್ರವರಿ ಕಳೆಯುತ್ತ ಬಂದಂತೆ ಬಿಸಿಲಿಗೆ ಮೈಯೊಡ್ಡಿದ ಕಡೆ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವುದು ಶುರುವಾಗುತ್ತದೆ. ಅಂಥ ದಿನ ಬೆಳಗ್ಗೆ ಒಂಬತ್ತಕ್ಕೆ ಮಂಜುಗಡ್ಡೆಯಾಗಿದ್ದ ಇಳಿಜಾರು ಹನ್ನೊಂದಕ್ಕೆ ಹದವಾಗಿ, ಎರಡು ಗಂಟೆಗೆ ಮಂಡಿ ಹಿಡಿದೆಳೆಯುವ ಕೆಸರಾಗಿರುತ್ತದೆ. ಮೂರೂ ಹೊತ್ತಿನಲ್ಲಿ ಮಿತಿ ಬೇರೆ ಬೇರೆ.

ಎತ್ತರದ ಪಾಲನ್ನು ನಮ್ಮವರು ಕಡೆಗಣಿಸುತ್ತಾರೆ. ಬೆಂಗಳೂರು 900 ಮೀಟರಿನ ಮೇಲಿದೆ, ಶ್ರೀನಗರ ಸುಮಾರು 1,600. 3,950 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 61ರಷ್ಟು ಮಾತ್ರ. ಗೊಂಡೋಲಾದಲ್ಲಿ ಕೂತು ಬಂದವರಿಗೆ ಇದು ಮೊದಲ ಹತ್ತು ತಿರುವಿನವರೆಗೆ ಗೊತ್ತಾಗುವುದಿಲ್ಲ. ಆಮೇಲೆ ತೊಡೆ ಉರಿಯುತ್ತದೆ, ಮಂಡಿ ಬಾಗುವುದನ್ನು ನಿಲ್ಲಿಸುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಎಡ್ಜ್ ಬಿಡುತ್ತದೆ. ಗುಲ್ಮಾರ್ಗಿನಲ್ಲಿ ಕನಿಷ್ಠ ಎರಡು ರಾತ್ರಿ ಮಲಗಿದ ಮೇಲೆ ಎರಡನೇ ಹಂತದ ಯೋಚನೆ ಮಾಡಿ. ಮೊದಲ ಸಲ ಮೇಲೆ ಹೋದಾಗ ಸ್ಕೀ ಇಲ್ಲದೆ ಹೋಗಿ ಇಳಿಜಾರನ್ನು ನೋಡಿಕೊಂಡು ಗೊಂಡೋಲಾದಲ್ಲೇ ವಾಪಸಾದರೂ ನಷ್ಟವೇನಿಲ್ಲ. ಗಾಳಿ ಎದ್ದರೆ ಎರಡನೇ ಹಂತವನ್ನು ಮುಚ್ಚಿಬಿಡುತ್ತಾರೆ ಎಂಬುದೂ ನೆನಪಿರಲಿ. ಮೇಲೇರಿದ ಮೇಲೆ ಗೊಂಡೋಲಾದಲ್ಲೇ ಇಳಿಯುತ್ತೇನೆ ಎಂಬ ಯೋಜನೆಯನ್ನು ಹೊತ್ತು ಮುಳುಗುವ ತನಕ ಎಳೆಯಬೇಡಿ.

ಸಲಕರಣೆಯಲ್ಲಿ ಎರಡು ವಿಷಯ ಹೇಳಿ ಮುಂದೆ ಹೋಗುತ್ತೇವೆ. ಬಾಡಿಗೆ ಸ್ಕೀಗಳ ಎಡ್ಜ್ ಅನೇಕ ಸಲ ಮೊಂಡಾಗಿರುತ್ತದೆ. ಉಗುರನ್ನು ಎಡ್ಜಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರಿನ ಸಣ್ಣ ಪುಡಿ ಕೆರೆದು ಬರಬೇಕು. ನುಣ್ಣಗೆ ಜಾರಿದರೆ ಅಂಗಡಿಯಲ್ಲೇ ಅರ ಹಾಕಿಸಿ, ಇಲ್ಲವೇ ಬೇರೆ ಜೋಡಿ ಕೇಳಿ. ಬೂಟಿನಡಿ ಇರುವ ಭಾಗವನ್ನು ತಪ್ಪದೆ ನೋಡಿ, ಹೆಚ್ಚು ಸವೆಯುವುದು ಅಲ್ಲಿ, ಗಟ್ಟಿ ಹಿಮವನ್ನು ಹಿಡಿಯಬೇಕಾದದ್ದೂ ಅಲ್ಲೇ. ಎರಡನೆಯದು ಬೂಟನ್ನು ಸ್ಕೀಗೆ ಬಿಗಿಯುವ ಬೈಂಡಿಂಗ್. ಬಿದ್ದಾಗ ಬೂಟನ್ನು ಬಿಟ್ಟುಕೊಡುವ ಒತ್ತಡದ ಅಂಕಿಯನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ನೀವು ಎಚ್ಚರದಿಂದ ಇಳಿಯುವವರೋ ಬಿರುಸಿನಿಂದ ಇಳಿಯುವವರೋ ಎಂಬುದನ್ನು ನೋಡಿ ಕೋಷ್ಟಕದಿಂದ ತೆಗೆಯುತ್ತಾರೆ. ಅಡಿಯ ಉದ್ದ ಬೂಟಿನ ಹಿಮ್ಮಡಿಯ ಬದಿಯಲ್ಲಿ ಮಿ.ಮೀ. ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಅಂಗಡಿಯವರು ಇದನ್ನೆಲ್ಲ ಕೇಳದೆ ಕಣ್ಣಂದಾಜಿನಲ್ಲಿ ಸ್ಕ್ರೂ ತಿರುಗಿಸಿದರೆ ನೀವೇ ಕೇಳಿ. ಕಡಿದಾದ ಕಡೆ ಸ್ಕೀ ಕಳಚಿಹೋಗಬಾರದೆಂದು ಅಂಕಿಯನ್ನು ಮನಸ್ಸಿಗೆ ಬಂದಂತೆ ಏರಿಸಿಕೊಳ್ಳುವವರಿದ್ದಾರೆ. ಹಾಗೆ ಏರಿಸಿದರೆ ಬಿದ್ದಾಗ ಬೂಟು ಬಿಡದೆ ಕಾಲಿಗೆ ಪೆಟ್ಟಾಗುವ ಅಪಾಯ ಹೆಚ್ಚುತ್ತದೆ.

ಬಿದ್ದರೆ? 35 ಡಿಗ್ರಿಯ ಗಟ್ಟಿ ಹಿಮದಲ್ಲಿ ತಡೆಯಿಲ್ಲದೆ ಜಾರಿದರೆ ಮೂರು ಸೆಕೆಂಡಿಗೆ 25 ಮೀಟರ್ ಕೆಳಗೆ, ಗಂಟೆಗೆ 60 ಕಿ.ಮೀ. ವೇಗದ ಹತ್ತಿರ ಇರುತ್ತೀರಿ. ನುಣುಪಾದ ಜಾಕೆಟ್ಟಿಗೆ ಘರ್ಷಣೆ ಅಷ್ಟಕ್ಕಷ್ಟೆ. ಆದ್ದರಿಂದ ಏನು ಮಾಡುವುದಿದ್ದರೂ ಮೊದಲ ಸೆಕೆಂಡಿನಲ್ಲಿ. ಸ್ಕೀ ಕಾಲಿನಲ್ಲೇ ಇದ್ದರೆ ಕಾಲುಗಳನ್ನು ಕೆಳಕ್ಕೆ ತಂದು, ಸ್ಕೀ ಅಡ್ಡ ಮಾಡಿ, ಎಡ್ಜ್ ಒತ್ತಿ. ಸ್ಕೀ ಕಳಚಿದ್ದರೆ ಹೊಟ್ಟೆ ಅಡಿಯಾಗಿ ಹೊರಳಿ, ಪಾದ ಕೆಳಗೆ, ತಲೆ ಮೇಲೆ. ಅಂಗೈ ಮತ್ತು ಬೂಟಿನ ತುದಿಗಳನ್ನು ಹಿಮಕ್ಕೆ ಒತ್ತಿ ಸೊಂಟವನ್ನು ಮೇಲೆತ್ತಿ, ಇಡೀ ಭಾರ ಆ ನಾಲ್ಕು ಜಾಗದ ಮೇಲೆ ಬರಬೇಕು. ಪೋಲು ಕೈಯಲ್ಲಿದ್ದರೆ ಬುಡದ ಚಕ್ರದ ಹತ್ತಿರ ಹಿಡಿದು ಮೊನೆಯನ್ನು ಒತ್ತಬಹುದು. ಇದನ್ನೂ ಸೌಮ್ಯ ಇಳಿಜಾರಿನಲ್ಲಿ, ಬೇಕೆಂದೇ ಬಿದ್ದು ಅಭ್ಯಾಸ ಮಾಡಬೇಕು.

ಇಲ್ಲಿಯ ತನಕ ಹೇಳಿದ್ದೆಲ್ಲ ನಿಮ್ಮ ಪರೀಕ್ಷೆ. ಅಫರ್ವಟ್‌ನಲ್ಲಿ ಇದೇ ಹೊತ್ತಿಗೆ ಇನ್ನೊಂದು ಪರೀಕ್ಷೆ ನಡೆಯುತ್ತಿರುತ್ತದೆ, ಅದು ಹಿಮದ್ದು. ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯೊಳಗಿನ ಇಳಿಜಾರಿನಲ್ಲಿ. ಸ್ಕೀಗೆ ಸೊಗಸಾದ ಕೋನವೂ ಅದೇ. ನೀವು ಎಷ್ಟೇ ಚೆನ್ನಾಗಿ ನಿಲ್ಲಬಲ್ಲಿರಾದರೂ, ನಿಂತ ನೆಲವೇ ಹೊರಟರೆ ಆ ಜಾಣ್ಮೆ ಲೆಕ್ಕಕ್ಕೆ ಬರುವುದಿಲ್ಲ. ಗುಲ್ಮಾರ್ಗಿನ ಇತಿಹಾಸದಲ್ಲಿ ಇದಕ್ಕೆ ಪುರಾವೆ ಇದೆ. 2010ರ ಫೆಬ್ರವರಿಯಲ್ಲಿ ಖಿಲನ್‌ಮಾರ್ಗದ ಬಳಿ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲಿನಲ್ಲಿ ತರಬೇತಿಯಲ್ಲಿದ್ದ 17 ಯೋಧರು ಹಿಮಕುಸಿತಕ್ಕೆ ಬಲಿಯಾದರು. ಹಿಮವನ್ನೇ ಓದಲು ಕಲಿಸುವ ಶಾಲೆಯದು. 2023ರ ಫೆಬ್ರವರಿ 1ರಂದು ಅಫರ್ವಟ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ತೀರಿಕೊಂಡರು.

ಕಾರಣದ ಬೇರು ಋತುವಿನ ಮೊದಲಲ್ಲೇ ಇರಬಹುದು. ಆರಂಭದಲ್ಲಿ ಹಿಮ ತೆಳುವಾಗಿ ಬಿದ್ದು, ಮೇಲೆ ದಿನಗಟ್ಟಲೆ ನಿರ್ಮಲ ಆಕಾಶದ ಕೊರೆವ ರಾತ್ರಿಗಳು ಬಂದರೆ, ನೆಲದ ಶಾಖಕ್ಕೂ ಮೇಲ್ಮೈಯ ಚಳಿಗೂ ನಡುವಿನ ವ್ಯತ್ಯಾಸದಿಂದ ತಳದ ಹಿಮ ಒಂದಕ್ಕೊಂದು ಅಂಟದ, ಬನ್ಸಿ ರವೆಯಂತೆ ಉದುರುವ ಹರಳಾಗುತ್ತದೆ. ಆಮೇಲೆ ಅದರ ಮೇಲೆ ಒಂದು ಮೀಟರ್ ಹಿಮ ಬಿದ್ದು ಹಾಸುಗಟ್ಟಿದರೆ, ಆ ಹಾಸು ನಿಂತಿರುವುದು ಉದುರುವ ತಳದ ಮೇಲೆ. ಅದರ ಮೇಲೆ ಒಬ್ಬ ಸ್ಕೀಗಾರನ ಭಾರ ಬಿದ್ದರೂ ಸಾಕಾಗಬಹುದು. ಇದರ ಜೊತೆಗೆ ಗಾಳಿ. ಪಶ್ಚಿಮದಿಂದ ಬರುವ ಗಾಳಿ ಏಣಿನ ಆಚೆಯ ಹಿಮವನ್ನು ಎತ್ತಿ ತಂದು ಈಚೆಯ ಮರೆಯಲ್ಲಿ ಪೇರಿಸುತ್ತದೆ. ಆಕಾಶದಿಂದ 20 ಸೆಂ.ಮೀ. ಬಿದ್ದ ದಿನ ಆ ಮರೆಯಲ್ಲಿ ಅದರ ಎರಡು ಮೂರು ಪಟ್ಟು ಕೂತಿರಬಹುದು.

ಗುಲ್ಮಾರ್ಗಿನಲ್ಲಿ ಇಳಿಜಾರುಗಳ ಸುರಕ್ಷತೆ ನೋಡಿಕೊಳ್ಳುವ ಸ್ಕೀ ಪ್ಯಾಟ್ರೋಲ್ ತಂಡವಿದೆ. ಗೊಂಡೋಲಾದ ಕೆಳಗಿನ ನಿಗದಿತ, ಬಟ್ಟಲಿನಾಕಾರದ ಇಳಿಜಾರನ್ನು ಅವರು ನೋಡಿ, ಬೇಕಾದರೆ ಸ್ಫೋಟಕ ಹಾಕಿ ಕೆಡವಿ, ತೆರೆಯುತ್ತಾರೆ ಅಥವಾ ಮುಚ್ಚುತ್ತಾರೆ. ಅದರ ಗಡಿ ಗುರುತಿಸುವ ಹಗ್ಗದ ಆಚೆ ಏನಿದ್ದರೂ ನಿಮ್ಮ ಜವಾಬ್ದಾರಿ. ನಮ್ಮ ಖಚಿತ ಅಭಿಪ್ರಾಯ: ಮಿತಿ ಪರೀಕ್ಷಿಸುವ ಋತುವಿನಲ್ಲಿ ಹಗ್ಗದ ಆಚೆ ಹೋಗಬಾರದು. ಏಣಿನ ಹಿಂಬದಿಗಂತೂ ಯಾವ ಕಾರಣಕ್ಕೂ ಇಳಿಯಬಾರದು, ಅದು ನಿಯಂತ್ರಣ ರೇಖೆಯ ಕಡೆ. ಬೆಳಗ್ಗೆ ಹಿಮಕುಸಿತದ ಮುನ್ಸೂಚನೆ ನೋಡಿ. ಅಪಾಯವನ್ನು 1ರಿಂದ 5ರವರೆಗೆ ಹೇಳುತ್ತಾರೆ. 3 ಎಂದರೆ ನಡುವಿನ ಅಂಕಿ, ಪರವಾಗಿಲ್ಲ ಎಂದು ಓದಿಕೊಳ್ಳುವವರು ಬಹಳ. 3ರಲ್ಲಿ ಒಬ್ಬನೇ ಸ್ಕೀಗಾರ ಹಿಮ ಕೆಡವುವ ಸಾಧ್ಯತೆ ಸಾಕಷ್ಟಿರುತ್ತದೆ. ಕಾಲ ಕೆಳಗೆ 'ಧುಂ' ಎಂದು ಹಿಮ ಕುಸಿದ ಸದ್ದು, ಸ್ಕೀ ಮುಂದೆ ಓಡುವ ಬಿರುಕು, ಪಕ್ಕದಲ್ಲಿ ಹೊಸದಾಗಿ ಬಿದ್ದ ಕುಸಿತ, ಒಂದೇ ದಿನಕ್ಕೆ 30 ಸೆಂ.ಮೀ. ಮೀರಿದ ಹೊಸ ಹಿಮ, ದಿಢೀರ್ ಏರಿದ ಬಿಸಿ: ಇವುಗಳಲ್ಲಿ ಒಂದು ಕಂಡರೂ ಆ ದಿನ 30 ಡಿಗ್ರಿಯ ಮೇಲೆ ಹೋಗುವ ಮಾತಿಲ್ಲ. ನೀವು ನಿಂತ ಜಾಗ 20 ಡಿಗ್ರಿಯಿದ್ದರೂ ತಲೆಯ ಮೇಲಿನದು 38 ಇದ್ದರೆ ನೀವಿರುವುದು 38ರ ದಾರಿಯಲ್ಲಿ.

ಎರಡನೇ ಹಂತಕ್ಕೆ ಹೋಗುವ ಪ್ರತಿಯೊಬ್ಬರ ಮೈಮೇಲೂ ಟ್ರಾನ್ಸೀವರ್ (ಹೂತವರನ್ನು ಹುಡುಕಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ), ಬೆನ್ನಚೀಲದಲ್ಲಿ ಕನಿಷ್ಠ 240 ಸೆಂ.ಮೀ. ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಸಲಾಕೆ) ಮತ್ತು ಲೋಹದ ಸಲಿಕೆ ಇರಬೇಕು. ಟ್ರಾನ್ಸೀವರ್ ಜಾಕೆಟ್ಟಿನ ಹೊರ ಜೇಬಿನಲ್ಲಿದ್ದರೆ ಕುಸಿತ ಅದನ್ನು ಕಿತ್ತೊಯ್ಯುತ್ತದೆ, ಅದರ ಪಟ್ಟಿಯಲ್ಲೇ ಕಟ್ಟಿ ಜಾಕೆಟ್ಟಿನ ಒಳಗೆ ಹಾಕಿ. ಟ್ರಾನ್ಸೀವರ್ ಸಂಕೇತ ಕಳಿಸುತ್ತಿರುವಾಗ ಮೊಬೈಲು ಅದರಿಂದ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರವಿರಲಿ, ಇಲ್ಲದಿದ್ದರೆ ಸುಳ್ಳು ಸಂಕೇತ ತೋರಿಸುತ್ತದೆ. ಹೂತುಹೋದವರನ್ನು ಮೊದಲ ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅಲ್ಲಿಂದಾಚೆ ಆ ಪ್ರಮಾಣ ಧಡಧಡನೆ ಇಳಿಯುತ್ತದೆ. ಊರಿನಿಂದ ಯಾರೋ ಬರುವಷ್ಟು ಸಮಯ ಅದಲ್ಲ, ತೆಗೆಯಬೇಕಾದವರು ಜೊತೆಗಿರುವವರೇ. ಅದಕ್ಕೇ ಒಬ್ಬೊಬ್ಬರಾಗಿ ಇಳಿಯುವುದು, ಉಳಿದವರು ಬದಿಯ ಸುರಕ್ಷಿತ ಜಾಗದಿಂದ ಕಣ್ಣು ತೆಗೆಯದೆ ನೋಡುವುದು. ಪ್ರೋಬ್ ಮೈಗೆ ತಾಗಿದರೆ ಹೊರತೆಗೆಯಬೇಡಿ, ಅದರ ಕೆಳಬದಿಯಿಂದ, ಆಳದ ಒಂದೂವರೆ ಪಟ್ಟು ದೂರದಲ್ಲಿ ಅಗೆಯಲು ಶುರು ಮಾಡಿ. ನೇರ ಮೇಲಿನಿಂದ ತೋಡಿದರೆ ತೆಗೆದ ಹಿಮ ಗುಂಡಿಗೇ ಬೀಳುತ್ತದೆ, ಒಳಗಿನವರ ಉಸಿರಿನ ಜಾಗವನ್ನು ನೀವೇ ತುಳಿಯುತ್ತೀರಿ. ಕೊಂಗ್‌ಡೂರಿಯ ಸಮತಟ್ಟಿನಲ್ಲಿ ಒಂದು ಟ್ರಾನ್ಸೀವರನ್ನು ಚೀಲದಲ್ಲಿಟ್ಟು ಹೂತು, ಗಡಿಯಾರ ಹಿಡಿದು ಹುಡುಕಿ ನೋಡಿ. ಮೊದಲ ಸಲ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕಂಡ ಮೇಲೆ ಮೇಲಿನ ಟಿಕೆಟಿನ ಅವಸರ ತಾನಾಗಿ ಕಡಿಮೆಯಾಗುತ್ತದೆ.

ಕೊನೆಗೆ, ಇಷ್ಟೆಲ್ಲ ಮಾಡಿಯೂ ಇಳಿಜಾರಿನ ನಡುವೆ ಕಾಲು ಕಟ್ಟಿಹೋದರೆ ಏನು ಮಾಡಬೇಕೆಂದು ಹೇಳಿಬಿಡುತ್ತೇವೆ. ಸ್ಕೀ ಬಿಚ್ಚಬೇಡಿ. ಗಟ್ಟಿ ಹಿಮದಲ್ಲಿ ಪ್ಲಾಸ್ಟಿಕ್ ಬೂಟಿಗೆ ಎಡ್ಜಿನ ಹಿಡಿತ ಇಲ್ಲ, ಬಿಚ್ಚುವಾಗಲೇ ಸ್ಕೀ ಕೈ ತಪ್ಪುವುದೂ ಉಂಟು. ಸ್ಕೀ ಅಡ್ಡ ಹಾಕಿ, ಮೇಲಿನ ಪೋಲು ಊರಿ, ಕೆಳಗಿನ ಸ್ಕೀ ಮೇಲೆ ನಿಂತು ಹತ್ತು ಉಸಿರು ಎಣಿಸಿ. ಕಣ್ಣು ಕಣಿವೆಯ ತಳದಿಂದ ತಂದು ಐದು ಮೀಟರ್ ಕೆಳಗಿನ ಒಂದು ಗುರುತಿನ ಮೇಲೆ ಇಡಿ. ಅಲ್ಲಿಯ ತನಕ ಸೈಡ್ ಸ್ಲಿಪ್. ನಿಲ್ಲಿ. ಮುಂದಿನ ಗುರುತು. ಮೋಡ ಕವಿದು ಉಬ್ಬುತಗ್ಗು ಕಾಣದಂತಾಗಿದ್ದರೆ ಪೋಲಿನ ಮೊನೆಯಿಂದ ಕೆಳಗಿನ ಹಿಮವನ್ನು ಮುಟ್ಟಿ ನೋಡಿಕೊಂಡು ಇಳಿಯಿರಿ. ಜೊತೆಗಾರರಲ್ಲಿ ಚೆನ್ನಾಗಿ ಬಲ್ಲವರು ನಿಮ್ಮ ನೇರ ಕೆಳಗೆ ನಿಲ್ಲಕೂಡದು, ಬಿದ್ದರೆ ಇಬ್ಬರೂ ಹೋಗುತ್ತೀರಿ. ಅವರು ಎರಡು ಮೀಟರ್ ಪಕ್ಕಕ್ಕೆ, ಒಂದು ಸ್ಕೀ ಉದ್ದ ಕೆಳಗಿದ್ದು, ಮುಂದಿನ ಗುರುತನ್ನಷ್ಟೇ ತೋರಿಸುತ್ತ ಬರಲಿ. 'ಏನೂ ಆಗಲ್ಲ ಬಾ' ಎಂದು ಕೆಳಗಿನಿಂದ ಕೂಗುವವರನ್ನು ಮೊದಲು ಸುಮ್ಮನಿರಿಸಿ.